ಹದಿನೇಳನೆಯ ಗಿಡ

ಹದಿನಾರನೆಯ ಗಿಡವನ್ನೂ ಬೇರುಸಹಿತ ಕಿತ್ತು ಬದುವಿನತ್ತ ಎಸೆದಾಗ ಹದ್ದಕ್ಕನಿಗೆ ತಂಗಿಯ ಮುಖ ನೋಡುವ ಧೈರ್ಯವಾಗಲಿಲ್ಲ. ತಂಗಿ ಆ ಗಿಡವನ್ನು ಎತ್ತಿ ಉಳಿದವುಗಳ ಪಕ್ಕದಲ್ಲಿ ಮಲಗಿಸಿದಳು.

ಬೀಜದ ಕಂಪನಿಯಲ್ಲಿ ಕೆಲಸಕ್ಕಿದ್ದ ಅಕ್ಕನನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಬಿಳಿ ಹೂವಿನ ಬೀನ್ಸ್ ಹೊಲದಲ್ಲಿ ಎಲ್ಲೋ ಒಂದು ನೇರಳೆ ಹೂ ಇಣುಕಿದರೂ ನಾಲ್ಕು ಸಾಲಿನಾಚೆಯಿಂದಲೇ ಕಂಡುಹಿಡಿದು ಕಿತ್ತುಹಾಕುತ್ತಿದ್ದಳು. ಆ ಕಣ್ಣಿಗೆ ಅಂಟಿಕೊಂಡ ಹೆಸರು ಹದ್ದಕ್ಕ. ಬೀಜಕ್ಕೆಂದು ಬೆಳೆಯುವ ಹೊಲದಲ್ಲಿ ಒಂದೇ ಜಾತಿ ಇರಬೇಕು. ಬೇರೆಯದು ಒಂದೇ ಒಂದು ಕಂಡರೂ ತಪಾಸಣೆಯವನು ಇಡೀ ಹೊಲವನ್ನೇ ಕಂಪನಿ ಬೀಜ ಕೊಳ್ಳುವ ಹೊಲಗಳ ಪಟ್ಟಿಯಿಂದ ಹೊಡೆದುಹಾಕುತ್ತಾನೆ. ಇಪ್ಪತ್ತು ವರ್ಷದಿಂದ ಅವಳ ಬಾಯಲ್ಲಿ 'ಬೆರಕೆ' ಎಂದರೆ ಬೈಗುಳ.

ಇವತ್ತು ತಂಗಿಯ ಹೊಲದಲ್ಲಿ ನೆಟ್ಟಗೆ ನಿಂತದ್ದು ಮಾತ್ರ ಆ ಬೆರಕೆಯೇ. ಬಿಳಿ ಹೂವಿನದಕ್ಕೆಲ್ಲ ತುಕ್ಕುರೋಗ ಬಡಿದಿತ್ತು. ಎಲೆ ಮುಟ್ಟಿದರೆ ಬೆರಳಿಗೆ ಕಂದು ಪುಡಿ ಮೆತ್ತುತ್ತಿತ್ತು. ಎರಡು ಸಲ ಔಷಧಿ ಹೊಡೆದದ್ದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಗಿತ್ತು.

ಹೋದ ವರ್ಷದವರೆಗೂ ತಂಗಿ ಐದು ಬಗೆಯ ಬೀನ್ಸನ್ನು ಕಲಸಿಯೇ ಬಿತ್ತುತ್ತಿದ್ದಳು. "ಇದೇನು ಹೊಲವೋ ಗುಜರಿ ಅಂಗಡಿಯೋ" ಎಂದು ಹದ್ದಕ್ಕ ಗೇಲಿ ಮಾಡಿದರೆ, "ಒಂದಕ್ಕೆ ಬಂದ ರೋಗ ಇನ್ನೊಂದಕ್ಕೆ ಹತ್ತಲ್ಲ ಕಣಕ್ಕ. ಎರಡು ಹೋದ್ರೂ ಮೂರು ಉಳೀತವೆ" ಎಂದು ನಗುತ್ತಿದ್ದಳು. ಅಂಥವಳನ್ನು ಕಂಪನಿಯ ಒಂದೇ ಜಾತಿ ಬಿತ್ತಲು ಹಿಡಿದ ಪಟ್ಟು ಬಿಡದೆ ಒಪ್ಪಿಸಿದವಳು, ಕಂಪನಿಯಲ್ಲಿ "ನನ್ನ ತಂಗಿ ಹೊಲಕ್ಕೆ ನಾನು ಹೊಣೆ" ಎಂದು ಎದೆ ತಟ್ಟಿಕೊಂಡವಳು ಹದ್ದಕ್ಕನೇ. ಮನೆಯಲ್ಲಿಟ್ಟರೆ ಮತ್ತೆ ಬೆರೆತುಬಿಡುತ್ತದೆ ಎಂದು ಹಳೆಯ ಕಾಳನ್ನೆಲ್ಲ ತಾನೇ ಒಲೆಯ ಮುಂದೆ ನಿಂತು ಬೇಯಿಸಿ ಮುಗಿಸಿದ್ದಳು. ಈಗ ನೇರಳೆ ಹೂ ಬಿಟ್ಟಿದ್ದ ಹದಿನೇಳು ಗಿಡಗಳು ಕಳೆದ ಸಲ ಮಣ್ಣಿಗೆ ಉದುರಿದ ಕಾಳಿನಿಂದ ತಾವಾಗಿ ಮೊಳೆತಿದ್ದವು. ಆ ಬೀಜ ಬೇರೆಲ್ಲೂ ಉಳಿದಿರಲಿಲ್ಲ.

"ಅದೊಂದಾದ್ರೂ ಬಿಡಕ್ಕ. ಮತ್ತೆ ಬಿತ್ತೋಕೆ ನಾಲ್ಕು ಕಾಳು ಬೇಕಲ್ಲ."

"ಒಂದು ಕಂಡ್ರೂ ಹೊಲ ಪಟ್ಟಿಯಿಂದ ಹೋಗುತ್ತೆ. ಆಮೇಲೆ ಕಂಪನಿಯವರು ಈ ಕಡೆ ತಲೆ ಹಾಕಿಯೂ ಮಲಗಲ್ಲ."

"ಹೋಗ್ಲಿ ಬಿಡು. ಇದರಲ್ಲಿ ಕೊಯ್ಯೋಕೆ ಇನ್ನೇನಿದೆ? ನಿನಗೆ ನನ್ನ ಹೊಲದ ಚಿಂತೆಯಲ್ಲ, ನಿನ್ನ ಹೆಸರಿನ ಚಿಂತೆ."

ಅಷ್ಟು ಹೇಳಿ ತಂಗಿ ಬೆನ್ನು ತಿರುಗಿಸಿ ಬದುವಿನ ಮೇಲೆ ಕೂತಳು. ಮಾತು ನಿಜವಾಗಿತ್ತು, ಅದಕ್ಕೇ ನಾಟಿತು.

ಹದಿನೇಳನೆಯದು ನಡುಸಾಲಿನಲ್ಲಿತ್ತು. ಹದ್ದಕ್ಕ ಬಗ್ಗಿ ಬುಡಕ್ಕೆ ಕೈ ಹಾಕಿದಳು. ಕೀಳಲು ಮನಸ್ಸಾಗಲಿಲ್ಲ. ಸುತ್ತ ಒಮ್ಮೆ ನೋಡಿ, ಹೂವನ್ನೂ ಮೊಗ್ಗನ್ನೂ ಒಂದೊಂದಾಗಿ ಉಗುರಿನಿಂದ ಚಿವುಟಿ ಕೆಲಸದ ಅಂಗಿಯ ಜೇಬಿಗೆ ಹಾಕಿಕೊಂಡಳು. ಹೂವಿಲ್ಲದಿದ್ದರೆ ತಪಾಸಣೆಯವನಿಗೆ ಯಾವುದು ಯಾವ ಜಾತಿಯೋ ತಿಳಿಯುವುದಿಲ್ಲ. ಹದಿನೈದು ದಿನದಲ್ಲಿ ಮತ್ತೆ ಹೂ ಬರುತ್ತದೆ, ಕಾಯಿ ಕಟ್ಟುತ್ತದೆ. ಹಸಿರು ಎದ್ದು ಕಾಣದಂತೆ ಪಕ್ಕದ ಎರಡು ತುಕ್ಕುಗಿಡಗಳನ್ನು ಅದರ ಮೇಲೆ ಬಾಗಿಸಿದಳು. ಇಷ್ಟು ವರ್ಷದಲ್ಲಿ ಇದೇ ಅವಳ ಮೊದಲ ಕಳ್ಳತನ. ತಂಗಿಗೆ ಹೇಳೋಣವೆಂದು ಏಳುವಷ್ಟರಲ್ಲಿ ಬೈಕ್ ಬಂದು ನಿಂತಿತು.

ತಪಾಸಣೆಯವನು ಸಾಲು ಸಾಲು ಸುತ್ತಿದ. ತಂಗಿ ತಡೆಯಲಾರದೆ ಕೇಳಿದಳು: "ಗಿಡ ಪೂರ್ತಿ ತುಕ್ಕು ಹಿಡಿದಿದೆಯಲ್ಲ ಸಾರ್?"

"ತುಕ್ಕು ಬರೆಯೋಕೆ ಈ ಕಾಗದದಲ್ಲಿ ಜಾಗ ಇಲ್ಲಮ್ಮ. ಬೆರಕೆ ಇದೆಯೋ ಇಲ್ಲವೋ, ಅಷ್ಟೇ ನನ್ನ ಕೆಲಸ." ಅವನು ಹದ್ದಕ್ಕನ ಕಡೆ ತಿರುಗಿ ನಕ್ಕ. "ನೀವು ಕಾಲಿಟ್ಟ ಹೊಲದಲ್ಲಿ ನನಗೇನು ಕೆಲಸ ಹದ್ದಕ್ಕ! ಇಂಥ ಅಕ್ಕ ಸಿಗೋಕೆ ಪುಣ್ಯ ಮಾಡಿರಬೇಕಮ್ಮ."

ತಂಗಿಯ ಮುಖ ಕೆಂಪಾಯಿತು. ಕಿತ್ತು ಬಿದ್ದ ಗಿಡಗಳನ್ನು ಅವಳು ಎಣಿಸಿಕೊಂಡೇ ಕೂತಿದ್ದಳೆಂದು, ಒಂದು ಕಮ್ಮಿಯಿರುವುದು ಅವಳಿಗೆ ಗೊತ್ತೆಂದು ಹದ್ದಕ್ಕನಿಗೆ ಆಗ ಹೊಳೆಯಿತು. ಕಣ್ಸನ್ನೆ ಮಾಡಿದಳು, ತಂಗಿ ಇತ್ತ ನೋಡಲೇ ಇಲ್ಲ. ನೆಟ್ಟಗೆ ನಡುಸಾಲಿಗೆ ಹೋಗಿ ಬಾಗಿಸಿದ್ದ ಗಿಡಗಳನ್ನು ಸರಿಸಿದಳು. "ಬೇಡ" ಎಂದು ಹದ್ದಕ್ಕ ತಪಾಸಣೆಯವನ ಎದುರು ಕೂಗುವಂತಿರಲಿಲ್ಲ. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಮತ್ತೆ ಬರುವುದಿಲ್ಲವೆಂದು ಹೇಳುವವರು ಅಲ್ಲಿ ಯಾರೂ ಇರಲಿಲ್ಲ.

"ಇಲ್ಲಿ ನೋಡಿ ಸಾರ್!" ಮಣ್ಣು ಉದುರುವ ಬೇರಿನ ಸಮೇತ ತಂಗಿ ಗಿಡವನ್ನು ಕಿತ್ತು ಎತ್ತಿ ಹಿಡಿದಳು. "ನಿಮ್ಮ ಹದ್ದಿನ ಕಣ್ಣಿಗೂ ಒಂದು ತಪ್ಪಿದೆ. ಬೆರಕೆ ಇದೆ ಅಂತ ಬರ್ಕೊಳ್ಳಿ. ತೆಗೆದುಹಾಕಿ ನಮ್ಮ ಹೊಲಾನ."

"ಇದರಲ್ಲಿ ಹೂವೇ ಇಲ್ಲವಲ್ಲಮ್ಮ, ಬೆರಕೆ ಅಂತ ಹೇಗೆ ಬರೀಲಿ? ಇದ್ರೂ ಈಗ ಕಿತ್ತಾಯ್ತಲ್ಲ." ಅವನು 'ಶುದ್ಧ' ಎಂದು ಬರೆದು ಸಹಿ ಹಾಕತೊಡಗಿದ.

ತಂಗಿ ಗಿಡವನ್ನು ಕೆಳಗಿಳಿಸಿ ನೋಡಿದಳು. ಗೆಣ್ಣುಗೆಣ್ಣಿಗೂ ಉಗುರಿನ ಗಾಯವಿತ್ತು, ರಸ ಇನ್ನೂ ಆರಿರಲಿಲ್ಲ. ಅವಳ ಹೆಬ್ಬೆರಳು ಒಂದು ಗಾಯದಿಂದ ಇನ್ನೊಂದಕ್ಕೆ ಮೆಲ್ಲಗೆ ಸರಿಯಿತು. ಆಮೇಲೆ ತಲೆಯೆತ್ತಿ ಅಕ್ಕನ ಕೈಯನ್ನೇ ನೋಡಿದಳು.

ಹದ್ದಕ್ಕ ಹಸಿರು ಹತ್ತಿದ ಬೆರಳುಗಳನ್ನು ಜೇಬಿಗಿಳಿಸಿದಳು. ಒಳಗೆ ಹೂಗಳು ಇನ್ನೂ ತಣ್ಣಗಿದ್ದವು.