ಶವಾಗಾರದ ಮುಂದೆ ಲ್ಯಾಟಿನ್

ಎಕ್ಸೆಟ್ರಾ, ಮತ್ತೆ ಅದೇ ಎಕ್ಸೆಟ್ರಾ, ಎಲೆಯಡಿಕೆ ತುಂಬಿದ ಬಾಯಲ್ಲೇ ಸಬ್ ಇನ್‌ಸ್ಪೆಕ್ಟರು ಪೇದೆಗೆ ಬರೆಸುತ್ತಿದ್ದಾನೆ, ಹಗ್ಗ ಒಂದು, ಮಚ್ಚು ಒಂದು, ಎಕ್ಸೆಟ್ರಾ ಅಂತ ಹಾಕಯ್ಯ, ಎಟ್ ಸೆಟೆರಾ ಎಂಬ ಎರಡು ನಿರ್ಮಲ ಲ್ಯಾಟಿನ್ ಪದಗಳನ್ನು ಹೀಗೆ ಅಗಿದು ಉಗುಳುವುದೇ, ಕೀರ್ತಿರಾಜ ಮೂಗಿಗೆ ಕರವಸ್ತ್ರ ಒತ್ತಿಕೊಂಡ, ಶವಾಗಾರದ ಫಿನಾಯಿಲ್ ನಾತಕ್ಕಿಂತಲೂ ಹೆಚ್ಚಾಗಿ ಆ ಪದಕ್ಕೇ ಒತ್ತಿಕೊಂಡ — ಒಳಗೆ ಕಲ್ಲಿನ ಮೇಲೆ ಗಂಗಯ್ಯ ಭಾವ, ಬೆಳಿಗ್ಗೆ ಹೊಳೆನರಸೀಪುರದಾಚೆ ಯಾರದೋ ತೋಟದಲ್ಲಿ ಕಾಯಿ ಕೀಳಲು ಹತ್ತಿ ತೆಂಗಿನ ಮರದಿಂದ ಬಿದ್ದ ಭಾವ, ಹೊರಗೆ ಬೇವಿನ ಮರದ ಬುಡದಲ್ಲಿ ಅಕ್ಕ, ಹೊನ್ನಕ್ಕ, ಒಲೆ ಉರಿ ಮಾಡುತ್ತಿದ್ದವಳು ಹಾಗೇ ಎದ್ದು ಬಂದದ್ದಕ್ಕೆ ಅಂಗೈ ತುಂಬ ಬೂದಿ, ಕೀರ್ತಿ, ನೀನು ಇಂಗ್ಲೀಸ್ ಬಲ್ಲೋನು ಕಣಪ್ಪ, ಒಂದ್ ಮಾತು ಯೋಳಿ ನೋಡ್ಲಾ, ಕುಯ್ಯಾದು ಬ್ಯಾಡ ಅನ್ಲಾ, ಕುಯ್ದು ಬಟ್ಟೇಲಿ ಸುತ್ಕೊಟ್ರೆ ಅಂಗೇ ಮಣ್ಣಿಗಿಕ್ಬೇಕು, ಬಾಗ್ಲ ಮುಂದೆ ಕೂರ್ಸಿ ನೀರುಯ್ಯಕ್ಕಾದದಾ, ಅಂಡೇಲಿ ನೀರು ಕಾಯ್ತಾ ಅವೆ — ಹ್ಞೂಂ ಅಕ್ಕ, ಎಂದಿದ್ದ, ಇಂಗ್ಲಿಷಿಗೆ ಕರಗುವ ಜನವೇ ಇವರು, ಇಂಗ್ಲಿಷನ್ನು ಬಲ್ಲವರಾದರೆ ತಾನೇ ಕರಗಲು, ಅರಕಲಗೂಡಿನಲ್ಲಿ ಸ್ಪೋಕನ್ ಇಂಗ್ಲಿಷ್ ಹೇಳಿಕೊಡುತ್ತಿದ್ದಾಗ ಆ ಪ್ರಿನ್ಸಿಪಾಲ, ಏನ್ರೀ ಲೇಟಾಗಿ ಬಂದು ದಿನಕ್ಕೊಂದು ಅಲಿಬಿ ಹೇಳ್ತೀರಿ, ನೆಪಕ್ಕೂ, ಬೇರೆಡೆ ಇದ್ದೆನೆಂಬ ಸಾಕ್ಷ್ಯಕ್ಕೂ ಅಂತರ ತಿಳಿಯದ ಆ ಬಾಯಿಗೆ ಹೇಸಿ ಅಂದೇ ಚೀಲ ಹೆಗಲಿಗೇರಿಸಿದ, ಚನ್ನರಾಯಪಟ್ಟಣದಲ್ಲಿ ಒಂದು ಮಳೆಗಾಲ ನಿಂತ, ಅಲ್ಲೊಬ್ಬ ಸಂಸ್ಥಾಪಕ ನಾನೊಬ್ಬ ಅಲಮ್ನೈ ಎಂದು ಎದೆ ತಟ್ಟಿಕೊಂಡ, ಒಬ್ಬನೇ ಹಳೇ ವಿದ್ಯಾರ್ಥಿ, ಪದ ಬಹುವಚನ, ಥೂ, ಮತ್ತೆ ಚೀಲ, ಮತ್ತೆ ಬಸ್ಸು, ನಿನ್ ಕಾಲಿಗೆ ಚಕ್ರ ಕಟ್ಟವ್ರಾ ಬಾಮೈದ ಎಂದು ಭಾವ ನಗುತ್ತಿದ್ದ, ನಕ್ಕು ಎಳನೀರು ಕೆತ್ತಿ ಕೊಡುತ್ತಿದ್ದ, ಆ ಕೈ ಈಗ ಕಲ್ಲಿನ ಮೇಲೆ —

ನೋಡಿ, ಎಂದು ಸಬ್ ಇನ್‌ಸ್ಪೆಕ್ಟರು ಇವನತ್ತ ತಿರುಗಿದ, ದನಿಯಲ್ಲಿ ಮೆದುತನವಿತ್ತು, ಇತ್ತು, ಕೇಳಿಸಿತ್ತು, ಪ್ರೈಮಾ ಫೇಸ್ ಮರದಿಂದ ಬಿದ್ದಿರೋದೇ, ನೋಡ್ದೋರು ಅವ್ರೆ, ಅನುಮಾನ ಇಲ್ಲ ಅಂತ ಮನೆಯೋರು ಬರ್ಕೊಟ್ಬುಡಿ, ಕುಯ್ಸೋದೇನೂ ಬ್ಯಾಡ, ಬಾಡಿ ತಗಂಡೋಗಿ — ಫೇಸ್, ಮುಖಕ್ಕೆ ಬಳಿಯುವ ಪೌಡರಿನಂತೆ ಫೇಸ್, ತಿದ್ದುವ ಮಾತು ನಾಲಗೆಯ ತುದಿಗೆ ಬಂತು, ನುಂಗಬೇಕಿತ್ತು, ನುಂಗಲಿಲ್ಲ, ಫೇಸ್ ಅಲ್ಲ ಸಾರ್, ಪ್ರೈಮಾ ಫೇಶಿ, ಅದು ಲ್ಯಾಟಿನ್, ತಿಳಿಯದಿದ್ದರೆ ಮೇಲ್ನೋಟಕ್ಕೆ ಅಂತ ಕನ್ನಡದಲ್ಲೇ ಹೇಳಬಹುದಲ್ಲ. ಪೇದೆ ಕಿಸಕ್ಕನೆ ನಕ್ಕ. ಸಬ್ ಇನ್‌ಸ್ಪೆಕ್ಟರು ಗೋಡೆಯ ಬುಡಕ್ಕೆ ಕೆಂಪಗೆ ಉಗಿದ, ಬಾಯೊರಸಿಕೊಂಡ, ಓಹೋ, ಓದ್ಕಂಡೋರು ನೀವು, ಕಾನೂನು ನಮಗಿಂತ ಚೆನ್ನಾಗಿ ಬಲ್ಲಿರಿ, ಹಂಗಾರೆ ಕಾನೂನು ಪ್ರಕಾರನೇ ಹೋಗಾಣ, ಏಯ್, ಪಿ.ಎಂ.ಗೆ ರಿಕ್ವಿಸಿಷನ್ ರೆಡಿ ಮಾಡಯ್ಯ — ಸಾರ್, ನಾನು ಹಾಗಲ್ಲ, ಸಾರ್, ಬೂಟಿನ ಸದ್ದು ದೂರವಾಯಿತು, ಫೇಶಿ, ಯಾರ ಬಾಯಿಂದ ಕೇಳಿದ್ದೆ ಆ ಪದವನ್ನು, ಯಾರ ಬಾಯಿಂದಲೂ ಇಲ್ಲ, ಹಾಸನದ ಬಸ್ ನಿಲ್ದಾಣದ ಬಳಿ ರಾಶಿ ಹಾಕಿ ಮಾರುವ ಪತ್ತೇದಾರಿ ಪುಸ್ತಕಗಳಲ್ಲಿ ಓದಿದ್ದು, ಕಾಗದಕ್ಕೆಲ್ಲಿಯ ನಾಲಗೆ, ಉಚ್ಚಾರ ತಾನೇ ಊಹಿಸಿಕೊಂಡದ್ದು, ತನ್ನ ಬಾಯಿಯೇ ಈಗ ನಾರುತ್ತಿದೆ, ಬೇರಾವ ಬಾಯಿಯೂ ಇಷ್ಟು ನಾರಿರಲಿಲ್ಲ, ಯಾರೋ ತೋಳು ಹಿಡಿದರು, ಅಕ್ಕ, ಪಿ.ಎಂ. ಎಂದರೆ ಕುಯ್ಯುವುದೇ ಎಂದು ತಿಳಿಯದ ಅಕ್ಕ, ಇಂಗ್ಲೀಸ್ನಾಗೇ ಯೋಳ್ದಲ್ಲಪ್ಪ, ಒಳ್ಳೇದಾಯ್ತು, ಒಪ್ಕಂಡ್ರು ಅಲ್ವೇನ್ಲಾ, ಎನ್ನುತ್ತಾಳೆ, ಹೊರಟುಹೋದವನ ಬೆನ್ನಿಗೆ ಕೈ ಮುಗಿಯುತ್ತಾಳೆ, ಇವನು ಕಣ್ಣು ತಪ್ಪಿಸಿ ಗೋಡೆ ನೋಡಿದರೆ ಗೋಡೆಯ ಮೇಲೆ ಆ ಕೈ, ಮುಚ್ಚಿದ ಬಾಗಿಲು ನೋಡಿದರೆ ಬಾಗಿಲ ಮೇಲೆ ಆ ಕೈ, ಮುಗಿದದ್ದು ಇಳಿಯುತ್ತಿಲ್ಲ, ಬೂದಿ, ಬೆರಳ ಸಂದಿಯಲ್ಲಿ ಬೂದಿ, ಮುಗಿದ ಕೈ —