ಮಗಳು ಹಾಕಿದ ಬೀಗ

ಸಂಜೆಯಾದರೆ ಟೈಲರ್ ಮನೆಯ ಬಚ್ಚಲಲ್ಲಿ ಒಂದೇ ಸದ್ದು, ಮಗಳು ಕೈ ಉಜ್ಜುವ ಸದ್ದು. ಸೋಪು ಸವೆಯುತ್ತದೆ, ಕೊಡದ ನೀರು ಖಾಲಿಯಾಗುತ್ತದೆ. ಉಗುರಿನ ಸಂದಿಯ ಗ್ರೀಸು ಮಾತ್ರ ಜಪ್ಪಯ್ಯ ಅನ್ನುವುದಿಲ್ಲ.

"ಸೋಪ್ ಫ್ಯಾಕ್ಟರಿಗೆ ಹೋಗಿ ಕೈ ಮಸಿ ಮಾಡ್ಕೊಂಡು ಬರೋಳು ಲೋಕದಲ್ಲಿ ನೀನೊಬ್ಳೇ ಕಣೇ," ಎಂದಳು ಅಮ್ಮ.

"ಸೋಪು ಮಾಡೋದು ಮಿಷನ್ನು ಕಣಮ್ಮಾ. ಆ ಮಿಷನ್ನಿನ ಆರೈಕೆ ಮಾಡೋಳು ನಾನು."

ಅಮ್ಮ ನಕ್ಕಳು. ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಅಪ್ಪ ನಗಲಿಲ್ಲ. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದ ಮಗಳು ಅಪ್ರೆಂಟಿಸ್ ಆಗಿ ಸೇರಿದ್ದಳು. ಅಂದರೆ ಕೆಲಸ ಮಾಡುತ್ತಲೇ ಕೆಲಸ ಕಲಿಯುವವಳು. ಶುರುವಿನಲ್ಲಿ ವಾರಗಟ್ಟಲೆ ಕಬ್ಬಿಣದ ತುಂಡಿಗೆ ಅರ ಹಾಕಿ ತಿಕ್ಕಿದ್ದೇ ತಿಕ್ಕಿದ್ದು. ಆಮೇಲೆ ಎಣ್ಣೆ ಬಿಡುವುದು, ಬೋಲ್ಟು ಬಿಗಿಯುವುದು, ಹಿರಿಯ ಫಿಟ್ಟರ್ ಹಿಂದೆ ಸ್ಪ್ಯಾನರ್ ಹಿಡಿದು ಓಡಾಡುವುದು. ನೆಂಟರ ಮುಂದೆ ಇದನ್ನೆಲ್ಲ ಹೇಗೆ ಹೇಳಿಕೊಳ್ಳುವುದು ಎಂಬುದೇ ಅಪ್ಪನ ಸಂಕಟ.

ಅಂಥದ್ದರಲ್ಲಿ ಅವಳ ಸೋದರಮಾವ ಫೋನು ಮಾಡಿದ್ದ. ಅವನದು ದೊಡ್ಡ ಬಟ್ಟೆ ಅಂಗಡಿ. "ಫ್ಯಾನ್ ಕೆಳಗೆ ಕೂತು ಬಿಲ್ ಹಾಕ್ಲಿ. ಸಂಬಳಾನೂ ಜಾಸ್ತಿ. ನಾಳೆ ಸಂಜೆಯೊಳಗೆ ಹೇಳಿ, ಇಲ್ಲಾಂದ್ರೆ ಬೇರೆಯವರನ್ನ ತಗೋತೀನಿ."

"ನಾಳೆ ನಾನೇ ಬಂದು ನಿಮ್ಮ ಫ್ಯಾಕ್ಟರಿಯವರಿಗೆ ಹೇಳ್ತೀನಿ. ಸಾಕು ಈ ತಿಕ್ಕೋ ಕೆಲಸ," ಎಂದ ಅಪ್ಪ.

"ಬೇಡಪ್ಪಾ. ಅರ್ಧಕ್ಕೆ ಬಿಟ್ರೆ ಸರ್ಟಿಫಿಕೇಟೂ ಇಲ್ಲ, ಕಲಿತಿದ್ದೂ ಅರ್ಧಂಬರ್ಧ." ಅಷ್ಟು ಹೇಳಿ ಒಳಗೆ ಹೋದಳು. ಊಟಕ್ಕೂ ಬರಲಿಲ್ಲ.

ಅಷ್ಟರಲ್ಲಿ ಪಕ್ಕದ ಮನೆಯ ಬಸ್ ಕಂಡಕ್ಟರ್ ಬಂದಳು. ಓಣಿಯವರೆಲ್ಲ ಅವಳನ್ನು ಕರೆಯುವುದು ರೈಟಕ್ಕ ಎಂದೇ. ಅವಳ ಮಗನೂ ಡಿಪೋದಲ್ಲಿ ಅಪ್ರೆಂಟಿಸ್ ಮುಗಿಸಿ ಈಗ ಮೆಕ್ಯಾನಿಕ್ ಆಗಿದ್ದಾನೆ.

"ಏನು ಟೈಲರಣ್ಣಾ, ಮುಖ ಇಸ್ತ್ರಿ ಕಾಣದ ಅಂಗಿ ಥರ ಆಗಿದೆ?"

ಅಪ್ಪ ಎಲ್ಲ ಹೇಳಿದ. "ಅಪ್ರೆಂಟಿಸ್ ಅಂದ್ರೆ ಇನ್ನೇನಕ್ಕಾ, ಪುಕ್ಕಟೆ ಕೂಲಿ."

"ಪುಕ್ಕಟೆ ಹೇಗಾಗುತ್ತೆ? ತಿಂಗಳಿಗೆ ಭತ್ಯೆ ಬರ್ತಿಲ್ವಾ?"

"ಬರುತ್ತೆ. ಅವಳ ಖರ್ಚಿಗೆ ಸಾಲುತ್ತೆ."

"ಸೇರೋವಾಗ ಒಪ್ಪಂದ ಬರೆದುಕೊಟ್ಟಿದಾರಾ? ಕಲಿಸೋಕೆ ಅಂತ ಒಬ್ರು ಇದಾರಾ?"

"ಎಲ್ಲಾ ಇದೆ. ಆದ್ರೆ ಮಾಡೋದು ಎಣ್ಣೆ ಬಿಡೋ ಕೆಲಸ ತಾನೇ?"

"ನಿಮ್ಮ ಗುರುಗಳು ನಿಮಗೆ ಮೊದಲು ಏನು ಕೊಟ್ರು?"

"ಕಾಜಾ ಹೊಲಿಯೋಕೆ ಕೊಟ್ರು. ವರ್ಷಗಟ್ಟಲೆ ಅದೇ."

"ಬಂದ ದಿನವೇ ಕತ್ತರಿ ಕೊಟ್ಟಿದ್ರೆ?"

"ಗಿರಾಕಿ ಒಂದು ಕಾಲಿನ ಪ್ಯಾಂಟು ಹಾಕ್ಕೊಂಡು ಹೋಗ್ತಿದ್ದ." ಅಪ್ಪನಿಗೂ ನಗು ಬಂತು. ತಕ್ಷಣ ಬಿಗಿದುಕೊಂಡ. "ಅದು ಬೇರೆ, ಇದು ಬೇರೆ. ನಾನೇನು ಓದಿದವನಾ?"

"ಬಿಡಿಸೋದಾದ್ರೆ ನೋಡಿ ಬಿಡಿಸಿ. ಬಟ್ಟೆ ಹರಡಿ ನೋಡದೆ ಕತ್ತರಿ ಆಡಿಸ್ತೀರಾ? ನಾಳೆ ನನಗೂ ರಜಾ, ಜೊತೆಗೆ ಬರ್ತೀನಿ."

ಮರುದಿನ ಫ್ಯಾಕ್ಟರಿ ಗೇಟಿನಲ್ಲಿ ಇಬ್ಬರ ತಲೆಗೂ ಹೆಲ್ಮೆಟ್ ಹಾಕಿಸಿ, ಕಾವಲುಗಾರ ಒಳಗೆ ಕರೆದೊಯ್ದ. ಅಲ್ಲಿ ಸೋಪಿನ ಹಿಟ್ಟು ಕಲಸುವ ಮಿಕ್ಸರ್ ಇತ್ತು, ಒಂದು ಸಣ್ಣ ಕೋಣೆಯಷ್ಟು ದೊಡ್ಡದು. ಅದರ ಹೊಟ್ಟೆಯೊಳಗೆ ತೋಳು ದಪ್ಪದ ಉಕ್ಕಿನ ಅಲಗುಗಳು. ಮಿಕ್ಸರ್ ನಿಂತಿತ್ತು. ಮ್ಯಾನೇಜರ್ ಕೈಗಡಿಯಾರ ನೋಡುತ್ತ ಅತ್ತಿತ್ತ ಓಡಾಡುತ್ತಿದ್ದರು.

"ರಿಪೇರಿ ಆಯ್ತು ಅಂದ್ರಲ್ಲ, ಇನ್ನೂ ಯಾಕೆ ಶುರು ಮಾಡಿಲ್ಲ? ಹೊರಗೆ ಲಾರಿ ನಿಂತಿದೆ!"

ಮಿಕ್ಸರಿನ ಬಾಯಿಯ ಬಳಿ ನಿಂತಿದ್ದ ಹಿರಿಯ ಫಿಟ್ಟರ್ ಗೋಡೆಯ ಮೇಲಿನ ಮೇನ್ ಸ್ವಿಚ್ ತೋರಿಸಿದರು. "ನನ್ನ ಬೀಗ ತೆಗೆದಾಯ್ತು ಸಾರ್. ಇನ್ನೊಂದು ಇದೆ."

ಸ್ವಿಚ್ಚಿನ ಹಿಡಿಗೆ ಒಂದು ಕೆಂಪು ಬೀಗ ನೇತಾಡುತ್ತಿತ್ತು. ಅದಕ್ಕೊಂದು ಚೀಟಿ, ಚೀಟಿಯಲ್ಲೊಂದು ಫೋಟೋ. ಅಪ್ಪ ಕಣ್ಣು ಕಿರಿದು ಮಾಡಿ ನೋಡಿದ. ತನ್ನ ಮಗಳದೇ ಮುಖ!

"ಅವಳೆಲ್ಲಿ?" ಎಂದ ಅಪ್ಪ.

"ಒಳಗಿದಾಳೆ. ಅಲಗಿನ ಬೋಲ್ಟು ನೋಡ್ತಿದಾಳೆ," ಎಂದರು ಫಿಟ್ಟರ್.

"ಅಯ್ಯೋ! ಯಾರಾದ್ರೂ ಸ್ವಿಚ್ ಹಾಕಿಬಿಟ್ರೆ?"

"ಹಾಕೋಕಾಗಲ್ಲ ಯಜಮಾನ್ರೇ. ಮಿಷನ್ನಿನ ಒಳಗೆ ಕೈ ಹಾಕೋರು ತಮ್ಮದೇ ಬೀಗ ಹಾಕಿ, ಬೀಗದ ಕೈ ಜೇಬಲ್ಲಿ ಇಟ್ಕೊಂಡೇ ಇಳೀಬೇಕು. ಯಾರು ಹಾಕಿದ್ರೋ ಅವರೇ ತೆಗೀಬೇಕು."

"ದೊಡ್ಡ ಸಾಹೇಬ್ರು ಹೇಳಿದ್ರೂ?"

ಮ್ಯಾನೇಜರ್ ತಾವೇ ಉತ್ತರ ಕೊಟ್ಟರು. "ನಾನು ಹೇಳಿದ್ರೂ ಇಲ್ಲ." ಆಮೇಲೆ ಮಿಕ್ಸರಿನ ಬಾಯಿಗೆ ಬಗ್ಗಿ ಕೇಳಿದರು, "ಆಯ್ತೇನಮ್ಮಾ?"

ಒಳಗಿನಿಂದ ಗುಡಾಣದೊಳಗಿಂದ ಬಂದಂಥ ದನಿ ಬಂತು. "ಒಂದು ಬೋಲ್ಟು ಸಡಿಲ ಇದೆ ಸಾರ್. ಬಿಗಿದು ಬರ್ತೀನಿ. ಸ್ವಲ್ಪ ತಾಳಿ."

ಮ್ಯಾನೇಜರ್ ಕೈ ಕಟ್ಟಿಕೊಂಡು ನಿಂತರು. ಲಾರಿ ಕಾಯಿತು. ಕಾವಲುಗಾರ ಕಾದ. ರೈಟಕ್ಕ ಸುಮ್ಮನಿದ್ದಳು, ಅದೇ ಒಂದು ವಿಶೇಷ.

ಮಗಳು ಹೊರಗೆ ಬಂದಾಗ ಮೂಗಿನ ಮೇಲೆಲ್ಲ ಸೋಪಿನ ಪುಡಿ. ಅಪ್ಪನನ್ನು ಕಂಡು ಒಂದು ಕ್ಷಣ ಅಲ್ಲೇ ನಿಂತಳು. ಆದರೂ ಅವನ ಕಡೆ ಬರಲಿಲ್ಲ. ಮೊದಲು ಸ್ಪ್ಯಾನರ್‌ಗಳನ್ನು ಎಣಿಸಿ ಪೆಟ್ಟಿಗೆಗೆ ಹಾಕಿದಳು. ಮಿಕ್ಸರಿನ ಒಳಗೆ ಟಾರ್ಚು ಬಿಟ್ಟು ನೋಡಿದಳು, ಮುಚ್ಚಳ ಹಾಕಿದಳು. ಕೊನೆಗೆ ಜೇಬಿನಿಂದ ಬೀಗದ ಕೈ ತೆಗೆದು ತನ್ನ ಬೀಗ ಬಿಚ್ಚಿದಳು.

"ಈಗ ಹಾಕಬಹುದು ಸಾರ್."

ಮಿಕ್ಸರ್ ಗುಡುಗುಡು ಎಂದು ತಿರುಗಿತು. ಕಾಲ ಕೆಳಗಿನ ನೆಲ ನಡುಗಿತು.

"ಈ ಬೀಗ ಎಲ್ಲರಿಗೂ ಕೊಡ್ತೀರಾ?" ಎಂದು ಫಿಟ್ಟರನ್ನು ಕೇಳಿದ ಅಪ್ಪ.

"ಅವಸರದವರಿಗೆ ಕೊಡಲ್ಲ. ಅರ ಹಾಕೋವಾಗಲೇ ಗೊತ್ತಾಗುತ್ತೆ, ಯಾರ ಕೈಯಲ್ಲಿ ತಾಳ್ಮೆ ಇದೆ ಅಂತ. ನಿಮ್ಮ ಮಗಳಿಗೆ ಹೋದ ವಾರವೇ ಕೊಟ್ವಿ. ಹೇಳಿಲ್ವಾ?"

"ನೀವು ಕೇಳಿದ್ದು ಸಂಬಳದ ಮಾತು ಮಾತ್ರ ಅಪ್ಪಾ," ಎಂದಳು ಮಗಳು ಮೆಲ್ಲಗೆ. "ಬಿಡಿಸೋಕೆ ಬಂದ್ರಾ?"

ಅಪ್ಪ ಅಂಗಳಕ್ಕೆ ಹೋಗಿ ಎಲ್ಲರಿಗೂ ಕೇಳುವ ಹಾಗೆ ಫೋನು ಮಾಡಿದ. "ಭಾವಾ, ಬಿಲ್ ಹಾಕೋಕೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ. ನಮ್ಮ ಹುಡುಗಿಗೆ ಪುರುಸೊತ್ತಿಲ್ಲ. ಇಲ್ಲಿ ಅವಳು ಹೂಂ ಅನ್ನದೆ ಮಿಷನ್ನೇ ತಿರುಗಲ್ಲ."

ವಾಪಸು ಬರುವಾಗ ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತನಿಗೂ ಅದೇ ಕಥೆ, ಹಿಂದಿನ ಸೀಟಿನವರಿಗೂ ಅದೇ ಕಥೆ. ಕೊನೆಗೆ ರೈಟಕ್ಕ ಅವನ ಭುಜ ತಟ್ಟಿದಳು. "ಟೈಲರಣ್ಣಾ, ಮಗಳ ವಿಷಯ ಆಮೇಲೆ. ಕಂಡಕ್ಟರ್ ಆಗಿನಿಂದ ನಿಂತಿದಾರೆ. ಮೊದಲು ಟಿಕೆಟ್ ತಗೊಳ್ಳಿ!"

ಈ ಕಥೆ ಕೇಳಿದ ಅಪ್ಪ, ಅಮ್ಮ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಐಟಿಐ, ಡಿಪ್ಲೊಮಾ ಮುಗಿಸಿದ ಮಕ್ಕಳಿದ್ದರೆ ಅಪ್ರೆಂಟಿಸ್ ಕೆಲಸಕ್ಕೆ ಕಳಿಸಿ. ಹೆಣ್ಣುಮಕ್ಕಳನ್ನೂ ಕಳಿಸಿ. ಕಣ್ಣು ಮುಚ್ಚಿಕೊಂಡು ಮಾತ್ರ ಕಳಿಸಬೇಡಿ. ಒಪ್ಪಂದ ಬರವಣಿಗೆಯಲ್ಲಿದೆಯೇ, ಭತ್ಯೆ ಎಷ್ಟು, ಕಲಿಸುವವರು ಯಾರು, ಹೆಲ್ಮೆಟ್ಟು ಬೂಟು ಕೊಡುತ್ತಾರೆಯೇ, ಮುಗಿದ ಮೇಲೆ ಸರ್ಟಿಫಿಕೇಟ್ ಸಿಗುತ್ತದೆಯೇ ಎಂದು ಬಾಯಿಬಿಟ್ಟು ಕೇಳಿ. ಕೇಳಿದರೆ ಯಾರ ಗಂಟೂ ಹೋಗುವುದಿಲ್ಲ. ಸೇರಿದ ಮೇಲೆ ಅರ್ಧ ದಾರಿಯಲ್ಲಿ ಕೈ ಹಿಡಿದು ಎಳೆಯಬೇಡಿ. ಸಂಜೆ ಅವರು ಮನೆಗೆ ಬಂದಾಗ "ಎಷ್ಟು ಸಿಕ್ಕಿತು?" ಅನ್ನುವ ಮೊದಲು "ಇವತ್ತು ಏನು ಕಲಿತೆ?" ಎಂದು ಕೇಳಿ. ಆಮೇಲೆ ಕೂತು ಪೂರ್ತಿ ಕೇಳಿಸಿಕೊಳ್ಳಿ.