ಬೀಗರ ಗಾಡಿ

ಬಸಗೊಂಡಪ್ಪ ಹೇಳಿದ ಸುಳ್ಳು ಬಲು ಸಣ್ಣದು. ಆದರೆ ಅದರ ಮೇಲೆ ಬೀಗರು ಬುತ್ತಿ ಸಮೇತ ಏರಿ ಕುಳಿತುಬಿಟ್ಟಿದ್ದರು.

ಅರವತ್ತೊಂದನೇ ಇಸವಿಯ ಮಾತು. ಉತ್ತರಿ ಮಳೆ ತಿಕೋಟಾದ ಎರೆ ಹೊಲಗಳನ್ನು ಚೆನ್ನಾಗಿ ತೋಯಿಸಿ ಹೋಗಿತ್ತು. ನೆಲ ಬಿತ್ತನೆಯ ಹದಕ್ಕೆ ಬಂದ ದಿನವೇ ಮಗಳು ಪರಸವ್ವನನ್ನು ಕರೆದುಕೊಂಡು ರಾಣೆಬೆನ್ನೂರಿನ ಬೀಗರು ಬಂದಿಳಿದರು. ಬೀಗ ಶಂಕರೆಪ್ಪನದು ಅರಿವೆ-ಬಟ್ಟೆಯ ಅಂಗಡಿ. ಜೊತೆಗೆ ಅವನ ಮುಪ್ಪಿನ ತಾಯಿ. ತಿಕೋಟಾದಲ್ಲಿ ಉಳಿದು, ದಿನಕ್ಕೊಂದು ಜಾಗ ನೋಡಿ, ಸಂಜೆಗೆ ಮರಳಿ ಬರುವುದು ಅವರ ವಿಚಾರ. ವಿಜಾಪುರದಲ್ಲಿ ಛತ್ರಗಳಿದ್ದವು ನಿಜ, ಬೀಗರ ಮನೆ ಇರುವಾಗ ಛತ್ರದಲ್ಲಿ ಯಾರಾದರೂ ಮಲಗುತ್ತಾರೆಯೇ? ಬಸ್ಸು ಹತ್ತಿದರೆ ಮುದುಕಿಗೆ ವಾಂತಿ. ಹಾಗಾಗಿ ಗಾಡಿಯೇ ಆಗಬೇಕು.

"ಬಿತ್ತಿಗಿ ದಿವಸ. ನಿಮಗ ಅಡಚಣಿ ಆಗೂದಿಲ್ಲೇನ್ರಿ?" ಎಂದು ಶಂಕರೆಪ್ಪ ಕೇಳಿಯೇ ಕೇಳಿದ.

"ಬಿತ್ತಿಗಿ ಮುಗದೈತ್ರಿ. ಎತ್ತು ಸುಮ್ನ ನಿಂತಾವು," ಎಂದ ಬಸಗೊಂಡಪ್ಪ.

ಒಂದು ಕಾಳೂ ಬಿದ್ದಿರಲಿಲ್ಲ. ಆದರೆ ಮನೆಗೆ ಬಂದ ಬೀಗರಿಗೆ 'ನಮಗೆ ಕೆಲಸವಿದೆ' ಎನ್ನುವುದು ಅವರ ಚೀಲ ಎತ್ತಿ ಹೊರಗಿಟ್ಟಂತೆ ಎಂದು ಆ ಸೀಮೆಯವರ ನಂಬಿಕೆ. ಒಳಗೆ ರೊಟ್ಟಿ ಬಡಿಯುತ್ತಿದ್ದ ಅವನ ಹೆಂಡತಿ ಮುರಿಗೆವ್ವನ ಕೈ ಅಲ್ಲಿಯೇ ನಿಂತಿತು.

ಮೊದಲ ದಿನ ಗೋಳಗುಮ್ಮಟ. ನಸುಕಿನಲ್ಲಿ ಹೋದ ಗಾಡಿ ದೀಪ ಹಚ್ಚಿದ ಮೇಲೆ ಬಂತು. ಎರಡನೆಯ ದಿನ ಇಬ್ರಾಹಿಂ ರೋಜಾ. ಮೂರನೆಯ ದಿನ ಬಬಲೇಶ್ವರ. ಗಾಡಿ ಕಣ್ಮರೆಯಾದೊಡನೆ ಮುರಿಗೆವ್ವ ಹೊಲಕ್ಕೆ ಓಡುತ್ತಿದ್ದಳು, ಮಣ್ಣಿಗೆ ಬೆರಳು ಚುಚ್ಚಿ ನೋಡುತ್ತಿದ್ದಳು. ಮೊದಲ ದಿನ ಒಂದು ಗೆಣ್ಣಿನ ಕೆಳಗೇ ಹಸಿ ಸಿಕ್ಕಿತು. ಮೂರನೆಯ ದಿನ ಇಡೀ ಬೆರಳು ಇಳಿದರೂ ದಿಬ್ಬದ ಕಡೆ ಬೆಚ್ಚನೆಯ ಹುಡಿ. ಸುತ್ತಲಿನ ಹೊಲಗಳಲ್ಲೆಲ್ಲ ಬಿತ್ತುವ ಕೂರಿಗೆ ಆಡುತ್ತಿತ್ತು. ಎತ್ತು ಕಡ ಕೊಡಲು ಯಾರಿಗೂ ಪುರಸೊತ್ತಿಲ್ಲ. ವರ್ಷವಿಡೀ ಉಣ್ಣುವ ಬಿಳಿಜೋಳ ಆ ಒಂದೇ ಹೊಲದಿಂದ ಬರಬೇಕು.

ಸಂಜೆ ಶಂಕರೆಪ್ಪ ಕಂಡದ್ದನ್ನೆಲ್ಲ ಬಣ್ಣಿಸುವನು. ಬಸಗೊಂಡಪ್ಪ ಹಲ್ಲು ಕಿರಿದು ತಲೆಯಾಡಿಸುವನು. ಬಿಸಿ ತುಪ್ಪ ನುಂಗಲೂ ಆಗದು, ಉಗುಳಲೂ ಆಗದು. ಮುರಿಗೆವ್ವನಿಗೆ ಗಂಡನ ಮೇಲೆ ಕರುಣೆಯೂ ಬಂತು, ಒನಕೆ ತೆಗೆದುಕೊಂಡು ಬಡಿಯಬೇಕೆಂದೂ ಅನಿಸಿತು.

ನಾಲ್ಕನೆಯ ದಿನ ಕಾಖಂಡಕಿಗೆ ಹೊರಟಿದ್ದರು. ಎತ್ತು ಹೂಡಿಯಾಗಿತ್ತು, ಬೀಗರು ಪರಸವ್ವನ ಜೊತೆ ಗಾಡಿಯಲ್ಲಿ ಕುಳಿತಾಗಿತ್ತು. ಮುರಿಗೆವ್ವ ಬುತ್ತಿಯ ಗಂಟನ್ನು ಕಟ್ಟೆಯ ಮೇಲೆ ಇಟ್ಟು, ಬಂದು ಮೂಗುದಾರ ಹಿಡಿದಳು.

"ಬೀಗರ, ಇವತ್ತ ಗಾಡಿ ಬರೂದಿಲ್ರಿ. ನಮ್ಮ ಹೊಲಕ್ಕ ಇನ್ನಾ ಒಂದ ಕಾಳ ಬಿದ್ದಿಲ್ಲ. ಇವರು ನಿಮಗ ಸುಳ್ಳ ಹೇಳ್ಯಾರ."

"ಲೇ, ಒಳಗ ನಡಿ!" ಬಸಗೊಂಡಪ್ಪ ಬಾರುಕೋಲು ಎತ್ತಿದ.

"ಹೊಡೀರಿ. ಹೊಡದ ಮ್ಯಾಲ ಕೂರಿಗಿ ಹೂಡ್ರಿ."

ಶಂಕರೆಪ್ಪ ಇಳಿದ. ಮುಖ ಕಪ್ಪಿಟ್ಟಿತ್ತು. ಮಗಳ ಬಾಳು ಇಲ್ಲಿಗೆ ಮುಗಿಯಿತೇನೋ ಎಂದುಕೊಂಡಳು ಮುರಿಗೆವ್ವ. ಮೂಗುದಾರ ಮಾತ್ರ ಬಿಡಲಿಲ್ಲ.

"ಬೀಗರ," ಎಂದ ಶಂಕರೆಪ್ಪ, "ಪರಸವ್ವ ನಮ್ಮನಿಗೆ ಬಂದು ಎರಡ ವರ್ಷ ಆತು. ಉಣ್ಣವಾ ಅಂದ್ರ ಹಸಿವಿಲ್ರಿ ಅಂತಾಳ. ಮೈ ಸುಡತಿದ್ರೂ ಏನಾಗಿಲ್ರಿ ಅಂತಾಳ. ಹೋದ ವರ್ಷ ಆರ ದಿನ ಜ್ವರ ಮುಚ್ಚಿಟ್ಟು ಬಾವಿ ಕಟ್ಟಿ ಮ್ಯಾಲ ಬಿದ್ದಿದ್ಲು. ನಮ್ಮ ಮ್ಯಾಲ ಏನ ಸಿಟ್ಟೈತೋ ಅಂತಿದ್ವಿ. ಈಗ ತಿಳೀತು, ಎಲ್ಲಿ ಕಲ್ತಾಳ ಅಂತ."

ಜ್ವರದ ಸಂಗತಿ ತಾಯಿಗೆ ಗೊತ್ತೇ ಇರಲಿಲ್ಲ. ಮಗಳ ಕಡೆ ನೋಡಿದಳು. ಮಗಳು ನೆಲ ನೋಡುತ್ತಿದ್ದಳು. ಬಸಗೊಂಡಪ್ಪನ ಬಾರುಕೋಲು ತಾನಾಗಿ ಕೆಳಗಿಳಿಯಿತು.

"ಮಾತ ಸಾಕು," ಎಂದಳು ಗಾಡಿಯಿಂದಲೇ ಮುದುಕಿ. "ಬೀಜದ ಚೀಲ ಗಾಡ್ಯಾಗ ಹಾಕ್ರಿ. ನಾನೂ ಒಕ್ಕಲಗಿತ್ತಿನ."

ದಿಬ್ಬದ ಅರ್ಧ ಹೊಲ ಆರಿಹೋಗಿತ್ತು. ಅಲ್ಲಿ ಬಿತ್ತಿದರೆ ಬೀಜಕ್ಕೂ ದಂಡ. ಅದನ್ನು ಬಿಟ್ಟೇ ಬಿಡಬೇಕಾಯಿತು. ತಗ್ಗಿನ ಮಣ್ಣು ಮಾತ್ರ ಮುಷ್ಟಿಯಲ್ಲಿ ಉಂಡೆ ಕಟ್ಟಿತು. ಬಸಗೊಂಡಪ್ಪ ಎತ್ತು ಹೊಡೆದ, ಮುರಿಗೆವ್ವ ಕೂರಿಗೆಯ ಬಟ್ಟಲಿಗೆ ಕಾಳು ಬಿಟ್ಟಳು, ಪರಸವ್ವ ಬೀಜ ತಂದುಕೊಟ್ಟಳು. ಅರಿವೆ ಅಂಗಡಿಯ ಶಂಕರೆಪ್ಪ ಧೋತರ ಮೇಲಕ್ಕೆ ಕಟ್ಟಿ ಕೊಡ ಹೊತ್ತು ನೀರು ತಂದ. ಅರ್ಧ ವರ್ಷದ ಕೂಳು ಹೋಯಿತೆಂಬುದು ಎಲ್ಲರಿಗೂ ಗೊತ್ತಿತ್ತು.

ಮಧ್ಯಾಹ್ನ ಬುತ್ತಿ ಬಿಚ್ಚಿದರು. ಮುರಿಗೆವ್ವ ಎಲ್ಲರಿಗೂ ಎರಡೆರಡು ರೊಟ್ಟಿ ಹಾಕಿದಳು. ಮುದುಕಿ ಉಳಿದವುಗಳ ಗಂಟು ಕಟ್ಟತೊಡಗಿದಳು. ಪರಸವ್ವ ಒಮ್ಮೆ ಅಪ್ಪನನ್ನು, ಒಮ್ಮೆ ಮಾವನನ್ನು ನೋಡಿದಳು.

"ಅಮ್ಮಾ," ಎಂದಳು ಮುದುಕಿಗೆ, "ನನಗ ಇನ್ನಾ ಹಸಿವೈತ್ರಿ."

ಮುದುಕಿ ಗಂಟು ಬಿಚ್ಚಿದಳು. ಬಸಗೊಂಡಪ್ಪ ಎದ್ದು ಎತ್ತುಗಳ ಕಡೆ ಹೋಗಿ, ಬೆನ್ನು ತಿರುಗಿಸಿ ನಿಂತು, ರುಮಾಲಿನಿಂದ ಕಣ್ಣೊರೆಸಿಕೊಂಡ.